ಮೊಳೆಯ ತುದಿಯ ತಾಮ್ರ

ನಾನು ಒಂದು ನೀಲಿ ನೆಟ್‌ವರ್ಕ್ ಕೇಬಲ್ಲು. ಎಂಟು ತಾಮ್ರದ ತಂತಿಗಳನ್ನು ಎರಡೆರಡಾಗಿ ಹೊಸೆದು, ಮೇಲೆ ಪ್ಲಾಸ್ಟಿಕ್ ಹೊದಿಸಿ ಕಾರ್ಖಾನೆಯಲ್ಲಿ ನನ್ನನ್ನು ಮಾಡಿದರು. ಸುರುಳಿ ಸುತ್ತಿ ದಾವಣಗೆರೆಯ ಅಂಗಡಿಯೊಂದಕ್ಕೆ ಕಳಿಸಿದರು. ಅಲ್ಲಿಂದ ನನ್ನನ್ನು ಆರಿಸಿ ತಂದವಳು ಹಾಲಮ್ಮ. ಮನೆಮನೆಗೆ ಹೋಗಿ ಕೇಬಲ್ ಎಳೆಯುವುದು ಅವಳ ಕೆಲಸ. ಅಂಗಡಿಯವನು ಅಗ್ಗದ ಮಾಲು ಮುಂದಿಟ್ಟಾಗ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, "ಒಳಗೆ ಬರೀ ಅಲ್ಯೂಮಿನಿಯಂ ಐತಿ. ಪೂರ್ತಿ ತಾಮ್ರದ್ದೇ ಕೊಡ್ರಿ" ಎಂದು ಹಟ ಹಿಡಿದವಳು.

ಅವಳು ನನ್ನನ್ನು ಒಯ್ದದ್ದು ನಿವೃತ್ತ ಪ್ರಿನ್ಸಿಪಾಲ್ ಕೊಟ್ರೇಶಪ್ಪನವರ ಮನೆಗೆ. ದಪ್ಪ ಇಟ್ಟಿಗೆ ಗೋಡೆಯ ಮನೆ. ವೈಫೈ ಡಬ್ಬಿ ಮುಂದಿನ ಕೋಣೆಯಲ್ಲಿ. ಅವರ ಹೆಂಡತಿ ಸುನಂದಮ್ಮ ಹಿಂದಿನ ಕೋಣೆಯಲ್ಲಿ ಕೂತು ಫೋನಿನಲ್ಲೇ ಶಿಷ್ಯರಿಗೆ ವಚನ ಗಾಯನ ಕಲಿಸುತ್ತಿದ್ದರು. ಎರಡು ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸತ್ತು, ಆಲಾಪ ಅರ್ಧಕ್ಕೇ ಕತ್ತರಿಸಿ ಹೋಗುತ್ತಿತ್ತು.

"ಗಂಡಸರು ಯಾರೂ ಬರಲಿಲ್ವೇನಮ್ಮ?" ಕೊಟ್ರೇಶಪ್ಪನವರ ಮೊದಲ ಮಾತೇ ಇದು.

"ಕೆಲಸ ಮಾಡೋದು ನಾನೇ ಸರ್."

"ವೈರು ಕಣ್ಣಿಗೆ ಬೀಳಬಾರದು, ನೋಡು."

ಹಾಲಮ್ಮ ಇಡೀ ದಿನ ಗೋಡೆ ಕೊರೆದಳು. ತಲೆಗೂದಲು, ಹುಬ್ಬು ಎಲ್ಲ ಇಟ್ಟಿಗೆ ಪುಡಿಯಿಂದ ಕೆಂಪಾದವು. ಪೈಪು ಕೂರಿಸಿ, ಅದರೊಳಗೆ ನನ್ನನ್ನು ಎಳೆದು, ಪೈಪು ಹೋದ ದಾರಿಯ ಫೋಟೋ ತೆಗೆದುಕೊಂಡು, ಮೇಲೆ ಸಿಮೆಂಟು ಬಳಿದಳು. ಹಿಂದಿನ ಕೋಣೆಯಲ್ಲಿ ನನ್ನ ತುದಿಗೆ ಇನ್ನೊಂದು ವೈಫೈ ಡಬ್ಬಿ ಸಿಕ್ಕಿಸಿದಳು. ಹೊರಡುವ ಮುಂಚೆ ಗೋಡೆಯ ಮೇಲೆ ಬೆರಳಿಂದ ಗೆರೆ ಎಳೆದು ತೋರಿಸಿದಳು: "ಸರ್, ಈ ಸಾಲಿನಾಗೆ ಮಾತ್ರ ಮೊಳೆ ಹೊಡೀಬೇಡ್ರಿ." ಅವರು ಪೇಪರಿನಿಂದ ಕಣ್ಣು ಎತ್ತದೆ "ಹ್ಞೂಂ" ಎಂದರು.

ಆಮೇಲೆ ಕೆಲವು ತಿಂಗಳು ಸುನಂದಮ್ಮನ ದನಿ ಒಂದು ಎಳೆಯೂ ಹರಿಯದಂತೆ ನನ್ನೊಳಗಿಂದ ಹಾದು ಹೋಯಿತು. ನನ್ನ ಜೀವನದಲ್ಲಿ ಸುಖ ಅಂತ ಕಂಡಿದ್ದು ಅಷ್ಟೇ.

ಅಷ್ಟರಲ್ಲಿ ಕೊಟ್ರೇಶಪ್ಪನವರಿಗೆ ಹಳೆಯ ವಿದ್ಯಾರ್ಥಿಗಳು ಸನ್ಮಾನ ಮಾಡಿದರು. ಶಾಲು ಹೊದ್ದ ಫೋಟೋಗೆ ಕಟ್ಟು ಹಾಕಿಸಿಕೊಂಡು ಬಂದು, ಗೋಡೆಗೆ ತಾವೇ ಉದ್ದದ ಮೊಳೆ ಜಡಿದರು. ಅದು ಪೈಪನ್ನು ಸೀಳಿ ನನ್ನ ಎರಡು ತಂತಿಗಳನ್ನು ತುಂಡು ಮಾಡಿತು. ಒಳಗಿನ ಪಾಠ ಅಲ್ಲೇ ನಿಂತಿತು.

ಹಾಲಮ್ಮನಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ನೇರವಾಗಿ ಬರೆದರು: "ಹಾಲಮ್ಮ ಎಂಬಾಕೆ ಕಳಪೆ ಕೇಬಲ್ ಹಾಕಿ ಮೋಸ ಮಾಡಿದ್ದಾಳೆ. ಯಾರೂ ಕರೆಯಬೇಡಿ." ಎರಡು ಗೋಡೆ ದಾಟಲಾರದ ಸಿಗ್ನಲ್ಲು ಈ ಸುಳ್ಳನ್ನು ಹೊತ್ತು ಊರೆಲ್ಲ ಸುತ್ತಿತು. ಅವತ್ತೇ ಎರಡು ಮನೆಯವರು ಹಾಲಮ್ಮನಿಗೆ ಬರಬೇಡ ಎಂದರು.

ಮರುದಿನ ಬೆಳಿಗ್ಗೆ ಯಾರೂ ಕರೆಯದಿದ್ದರೂ ಅವಳೇ ಬಂದಳು.

"ಮೋಸ ಅಂತ ಬರೆದೀರಲ್ಲ ಸರ್, ಎಲ್ಲೈತಿ ತೋರಿಸ್ರಿ."

ನನ್ನ ಎರಡೂ ತುದಿಗೆ, ತಂತಿಗೊಂದು ದೀಪ ಹತ್ತಿಸುವ ಟೆಸ್ಟರ್ ಸಿಕ್ಕಿಸಿದಳು. ಆರು ದೀಪ ಹತ್ತಿದವು, ಎರಡು ಹತ್ತಲಿಲ್ಲ. ಫೋನಿನ ಫೋಟೋ ನೋಡುತ್ತ ಗೋಡೆಗುಂಟ ನಡೆದು, ಸನ್ಮಾನದ ಫೋಟೋ ಮುಂದೆ ನಿಂತಳು. ಅದನ್ನು ಇಳಿಸಿ ಕುರ್ಚಿಯ ಮೇಲಿಟ್ಟು, ಮೊಳೆಯನ್ನು ಇಕ್ಕಳದಿಂದ ಕಿತ್ತಳು. ತುದಿಯಲ್ಲಿ ತಾಮ್ರದ ಚೂರು ಹೊಳೆಯುತ್ತಿತ್ತು, ಜೊತೆಗೆ ನನ್ನ ನೀಲಿ ಸಿಪ್ಪೆ.

ಕೊಟ್ರೇಶಪ್ಪನವರು ಕೆಮ್ಮಿದರು. "ಆಗಿದ್ದಾಯ್ತು ಬಿಡಮ್ಮ. ಹೊಸದು ಹಾಕು."

"ಮೊದಲು ಗುಂಪಿನಾಗೆ ಬರೀರಿ."

ಅವರು 'ಕೇಬಲ್ ಸಮಸ್ಯೆ ಬಗೆಹರಿದಿದೆ' ಎಂದು ಟೈಪ್ ಮಾಡಿ ತೋರಿಸಿದರು. ಹಾಲಮ್ಮ ಓದಿ ನೋಡಿದಳು.

"ಬೈಯೋವಾಗ ನನ್ನ ಹೆಸರು ಹಾಕಿದ್ರಿ. ಈಗೆಲ್ಲಿ ಹೋತು ಸರ್ ಆ ಹೆಸರು?"

"ನನ್ನ ವಯಸ್ಸಿಗಾದ್ರೂ ಮರ್ಯಾದೆ ಕೊಡು!"

"ನನ್ನ ಮರ್ಯಾದೆ ತೆಗೆಯೋವಾಗ ನನಗೆಷ್ಟು ವಯಸ್ಸು ಅಂತ ಕೇಳಿದ್ರೇನು?"

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಸುನಂದಮ್ಮ ಬಂದು, "ಕೊಡ್ರಿ ಇಲ್ಲಿ" ಎಂದು ಗಂಡನ ಕೈಯಿಂದ ಫೋನ್ ಕಸಿದುಕೊಂಡರು. ಬರೆಯಲಿಲ್ಲ. ಬಾಯಿಗೆ ಹಿಡಿದು, ಪಾಠ ಹೇಳುವ ಗಟ್ಟಿ ದನಿಯಲ್ಲೇ ಹೇಳಿದರು: "ನಾನು ಸುನಂದಮ್ಮ. ಕೇಬಲ್ ಚೆನ್ನಾಗೇ ಇತ್ತು. ನಮ್ಮ ಮನೆಯವರೇ ಮೊಳೆ ಹೊಡೆದು ಹಾಳು ಮಾಡಿದ್ದು. ಹಾಲಮ್ಮನ ಮೇಲೆ ಹಾಕಿದ್ದು ಸುಳ್ಳು ಆಪಾದನೆ." ಕಳಿಸಿಬಿಟ್ಟರು. ಕೊಟ್ರೇಶಪ್ಪನವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹಾಲಮ್ಮ ಹೊಸ ಕೇಬಲ್ಲನ್ನು ನನ್ನ ಬಾಲಕ್ಕೆ ಕಟ್ಟಿ, ಆಚೆ ತುದಿಯಿಂದ ನನ್ನನ್ನು ಎಳೆದಳು. ನಾನು ಹೊರಬಂದ ಹಾಗೆ ಅದು ನನ್ನ ಜಾಗಕ್ಕೆ ಹೋಯಿತು.

ಈಗ ಅವಳ ಸ್ಕೂಟರಿಗೆ ಏಣಿ ಕಟ್ಟುವ ಹಗ್ಗ ನಾನೇ. ಬೇಡ ಎಂದಿದ್ದ ಎರಡು ಮನೆಗಳಲ್ಲಿ ಒಂದರಿಂದ ಮತ್ತೆ ಕರೆ ಬಂತು. ಇನ್ನೊಂದರಿಂದ ಇವತ್ತಿಗೂ ಬಂದಿಲ್ಲ; ಅವರು ಸುಳ್ಳನ್ನು ಓದಿದ್ದರು, ನಿಜವನ್ನು ಕೇಳಿಸಿಕೊಳ್ಳಲಿಲ್ಲ. ತುಂಡಾದ ತಂತಿಯ ಬದಲು ಇನ್ನೊಂದು ಎಳೆಯಬಹುದು. ಒಮ್ಮೆ ಕೆಟ್ಟ ಹೆಸರಿಗೆ ಯಾವ ಪೈಪಿನಿಂದ ಏನು ಎಳೆಯುವುದೋ ನನಗೆ ತಿಳಿಯದು. ಆ ಇನ್ನೊಂದು ಮನೆ ಮುಂದೆ ಬಂದಾಗ ಹಾಲಮ್ಮ ಹಲ್ಲು ಕಚ್ಚಿ ಗಾಡಿ ಜೋರು ಮಾಡುತ್ತಾಳೆ. ಏಣಿ ಅಲುಗದ ಹಾಗೆ ನಾನು ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ.