ಯಂತ್ರ ಓಡಿದ ಗಂಟೆಗಳು

ನನ್ನ ಬಲಗಾಲಿಗೆ ಏನೂ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆ ಅದರ ಸ್ಪರ್ಶವನ್ನು ತಿಂದುಹಾಕಿ ನಾಲ್ಕು ವರ್ಷವಾಯಿತು. ನಾನು ಕ್ಷೌರಿಕ, ಅಂಗಡಿಯಲ್ಲಿ ಬರಿಗಾಲಲ್ಲೇ ನಿಲ್ಲುವವನು. ಕತ್ತರಿಸಿದ ಕೂದಲಿನ ತುಣುಕೊಂದು ಸೂಜಿಯಂತೆ ಅಂಗಾಲಿಗೆ ಹೊಕ್ಕಿದ್ದು ನನಗೆ ತಿಳಿಯಲೇ ಇಲ್ಲ. ಹಾಸಿಗೆಯ ಚಾದರ ಒಗೆಯುವಾಗ ಕೀವಿನ ಕಲೆ ಕಂಡವಳು ಹೆಂಡತಿ. ಊರಿನವರ ತಲೆ ನೋಡಿಕೊಳ್ಳುವವನು ತನ್ನ ಕಾಲು ನೋಡಿಕೊಳ್ಳಲಿಲ್ಲ.

ಎಂಟು ತಿಂಗಳು ಮಾತ್ರೆ ನುಂಗಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಕೊನೆಗೆ ದೊಡ್ಡ ಡಾಕ್ಟರು ಯಂತ್ರ ಹಾಕಿಸಿದರು. ಗಾಯದೊಳಗೆ ಸ್ಪಂಜು, ಅದರ ಮೇಲೆ ಗಾಳಿಯಾಡದ ಹಾಳೆ, ಹಾಳೆಯಿಂದ ಒಂದು ಕೊಳವೆ, ಕೊಳವೆಯ ತುದಿಗೆ ಕೊಳೆಯನ್ನೆಲ್ಲ ಹೀರಿಕೊಳ್ಳುವ ಡಬ್ಬಿ. ಹದಿನೈದು ದಿನದಲ್ಲಿ ಗಾಯ ಕುಗ್ಗದಿದ್ದರೆ ಪಾದ ತೆಗೆಯಬೇಕಾಗುತ್ತದೆ ಎಂದರು. ನಾನು ಹೂಂ ಎಂದೆ. ಯಾರದೋ ಪಾದದ ಸುದ್ದಿ ಕೇಳಿದಂತಿತ್ತು.

ಎರಡು ದಿನಕ್ಕೊಮ್ಮೆ ನರ್ಸಮ್ಮ ಮನೆಗೆ ಬರುತ್ತಿದ್ದರು. ಸ್ಪಂಜು ಬದಲಿಸುವ ಮುಂಚೆ ಪುಟ್ಟ ಚಮಚದಂಥದ್ದರಿಂದ ಗಾಯ ಕೆರೆಯುತ್ತಿದ್ದರು. ಬ್ಯಾಕ್ಟೀರಿಯಾಗಳು ಲೋಳೆಯ ಹೊದಿಕೆ ಹೊದ್ದು ಕೂತಿವೆ, ಮಾತ್ರೆ ಅದರೊಳಕ್ಕೆ ಇಳಿಯದು, ಕೆರೆದ ಕೂಡಲೇ ಯಂತ್ರ ಹೀರುತ್ತಿರಬೇಕು, ನಿಲ್ಲಿಸಿದರೆ ಮತ್ತೆ ಹೊದ್ದುಕೊಳ್ಳುತ್ತವೆ ಎಂದು ಬಿಡಿಸಿ ಹೇಳಿದ್ದರು. ದಿನಕ್ಕೆ ಇಪ್ಪತ್ತೆರಡು ಗಂಟೆ ಓಡಲೇಬೇಕು.

ಕೆರೆಯುವಾಗ ಹೆಂಡತಿ ಗಾಯದ ಕಡೆಗೆ ಬೆನ್ನು ಹಾಕಿ, ನನ್ನ ಕೈ ಹಿಡಿದು ಕೂರುತ್ತಿದ್ದಳು. ನೋವಾಯಿತೇ ಎಂದು ಪ್ರತಿಸಲವೂ ಕೇಳುತ್ತಿದ್ದಳು. ನೋವಾದರೆ ಕಾಲು ಉಳಿಯುತ್ತದೆ ಎಂಬುದು ಅವಳ ನಂಬಿಕೆ. ಇಲ್ಲ ಎನ್ನುತ್ತಿದ್ದೆ. ಹಲ್ಲು ಕಚ್ಚಿಕೊಳ್ಳುತ್ತಿದ್ದವಳು ಅವಳೇ.

ಅಂಗಡಿಯಲ್ಲಿ ಗಿರಾಕಿಗಳು ಆ ಕೆಂಪು ನೀರಿನ ಡಬ್ಬಿ ನೋಡಿ ಮುಖ ಕಿವುಚುತ್ತಿದ್ದರು. ಮೂಗಿಗಿಂತ ಮೂಗುತಿ ಭಾರವಾಯಿತು ಎಂದುಕೊಂಡು, ಬೆಳಿಗ್ಗೆ ಬಾಗಿಲು ತೆರೆದೊಡನೆ ಯಂತ್ರ ಆರಿಸಿ ಕಪಾಟಿಗೆ ಸೇರಿಸುತ್ತಿದ್ದೆ. ಸಂಜೆ ಮತ್ತೆ ಹಾಕಿಕೊಂಡು ಮನೆಗೆ ಬರುತ್ತಿದ್ದೆ. ಅದು ತಾನು ಓಡಿದ ಗಂಟೆಗಳನ್ನು ತಾನೇ ನೆನಪಿಟ್ಟುಕೊಳ್ಳುತ್ತದೆ ಎಂದು ನನಗೇನು ಗೊತ್ತು?

ಒಂಬತ್ತನೆಯ ದಿನ ನರ್ಸಮ್ಮ ಗುಂಡಿ ಒತ್ತಿ ನೋಡಿದರು.

"ದಿನಕ್ಕೆ ಹನ್ನೆರಡು ಗಂಟೆನೂ ಓಡಿಲ್ಲ. ಯಾರು ಆರಿಸ್ತಿದ್ರಿ?"

ಹೆಂಡತಿ ಒಮ್ಮೆ ನನ್ನ ಮುಖ ನೋಡಿದಳು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೇ ಸಾಕಾಯಿತು.

"ನಾನೇ ಸಿಸ್ಟರ್. ಅದರ ಸದ್ದಿಗೆ ನಿದ್ದೆನೇ ಬರಲ್ಲ ನಂಗೆ."

ನರ್ಸಮ್ಮ ಅವಳಿಗೆ ಚೆನ್ನಾಗಿ ಬೈದರು. ಗಂಡನ ಕಾಲಿಗಿಂತ ನಿಮ್ಮ ನಿದ್ದೆ ಹೆಚ್ಚಾಯಿತೇ ಎಂದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾನು ಬಾಯಿ ಬಿಡಲಿಲ್ಲ. ಆಮೇಲೂ ಅವಳು ಆ ಮಾತೆತ್ತಲಿಲ್ಲ. ನನಗೆ ನಾಚಿಕೆಯಾಯಿತು. ಎಷ್ಟೋ ತಿಂಗಳ ಮೇಲೆ ನನ್ನ ಅನುಭವಕ್ಕೆ ಬಂದದ್ದು ಅದೊಂದೇ.

ಮರುದಿನವೇ ಅಂಗಡಿ ಮುಚ್ಚಿದೆ. ಐದು ದಿನ ಯಂತ್ರವನ್ನು ಪಕ್ಕದಲ್ಲಿಟ್ಟುಕೊಂಡು ಗೋಡೆ ನೋಡುತ್ತ ಕೂತೆ.

ಹದಿನೈದನೆಯ ದಿನ ಹೆಂಡತಿ ಒಳಗೆ ನೀರು ಕಾಯಿಸುತ್ತಿದ್ದಾಗ ನರ್ಸಮ್ಮ ಸ್ಪಂಜು ತೆಗೆದು, ಕಾಗದದ ಅಳತೆಪಟ್ಟಿ ಇಟ್ಟು ನೋಡಿದರು. ಇನ್ನೊಮ್ಮೆ ಇಟ್ಟು ನೋಡಿದರು.

"ಮೊದಲಿನಷ್ಟೇ ಇದೆ," ಎಂದರು ಮೆಲ್ಲಗೆ. "ನಾಳೆ ಡಾಕ್ಟರ್ ಹತ್ರ ಹೋಗಿ. ನಿಮ್ಮ ಮನೆಯವರಿಗೆ ನೀವೇ ಹೇಳಿ."

ಹೆಂಡತಿ ನೀರು ತಂದಿಟ್ಟು, ಎಂದಿನಂತೆ ಗಾಯಕ್ಕೆ ಬೆನ್ನು ಹಾಕಿ ಕೂತು, ನನ್ನ ಕೈ ಹಿಡಿದಳು. ಸ್ವಲ್ಪ ಹೊತ್ತು ಬಿಟ್ಟು ನೋವಾಯಿತೇ ಎಂದು ಕೇಳಿದಳು.

"ಆಯ್ತು ಕಣೇ," ಎಂದೆ. "ತುಂಬಾ ನೋವಾಯ್ತು."

ಅವಳ ಮುಖ ಅರಳಿತು. ಕೇಳಿಸಿತಾ ಸಿಸ್ಟರ್ ಎಂದು ತಿರುಗದೆಯೇ ಕೂಗಿದಳು, ನನ್ನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿದಳು.

ನರ್ಸಮ್ಮ ಆಗಿನ್ನೂ ಚಮಚದ ಪೊಟ್ಟಣ ಹರಿಯುತ್ತಿದ್ದರು. ನನ್ನನ್ನೊಮ್ಮೆ ನೋಡಿದರು, ಕೇಳಿಸಿತಮ್ಮಾ ಎಂದರು, ಆಮೇಲೆ ಗಾಯಕ್ಕೆ ಬಾಗಿದರು.