ಚಿಕ್ಕಮ್ಮನ ಗಂಟಲು ಕಟ್ಟಿದಾಗ

ಗುಬ್ಬಿ ಬಿಸಿನೀರಿಗೆ ಉಪ್ಪು ಹಾಕಿ ಚಮಚದಿಂದ ತಿರುವಿದಳು. ಹರಳು ಪೂರ್ತಿ ಕರಗಿತೇ ಎಂದು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಬಿಸಿ ಹೆಚ್ಚೆನಿಸಿ ಎರಡು ಲೋಟಗಳ ನಡುವೆ ಎತ್ತಿ ಹೊಯ್ದು ಆರಿಸಿ, ಚಿಕ್ಕಮ್ಮನ ಮುಂದಿಟ್ಟಳು. ಚಿಕ್ಕಮ್ಮ ಗಂಟಲು ಗಳಗಳ ಮಾಡಿ ಬಚ್ಚಲಿಗೆ ಉಗಿದು ಬಂದು ಮತ್ತೆ ಲೋಟ ಎತ್ತಿಕೊಂಡಳು.

ಆ ಮನೆಯಲ್ಲಿ ಇಷ್ಟು ಸದ್ದಿಲ್ಲದೆ ಬೆಳಗಾದದ್ದು ಅದೇ ಮೊದಲು. ಬೀದಿಯವರು ಚಿಕ್ಕಮ್ಮನಿಗೆ ಇಟ್ಟ ಹೆಸರೇ ರೇಡಿಯೊ. ಅವಳ ಅಕ್ಕನ ಮಗಳಿಗೆ ಗುಬ್ಬಿ ಎಂದು ಹೆಸರಿಟ್ಟವರೂ ಅವರೇ. ಗುಬ್ಬಿಯಾದರೂ ಚಿಂವ್ ಅನ್ನುತ್ತದೆ, ತಪ್ಪು ಹೆಸರಿಟ್ಟುಬಿಟ್ಟೆವು ಎಂದು ಆಮೇಲೆ ತಾವೇ ನಗುತ್ತಿದ್ದರು. ಅಕ್ಕ ತೀರಿಕೊಂಡ ಮೇಲೆ ಹುಡುಗಿಯನ್ನು ಕರೆತಂದು, ತನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿ ಇನ್ನೊಂದು ಯಂತ್ರ ಹಾಕಿಸಿಕೊಟ್ಟವಳು ಚಿಕ್ಕಮ್ಮ. ಅಲ್ಲಿಂದ ಅವಳ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದಳು. ಡಾಕ್ಟರ ಹತ್ತಿರ "ಇವಳಿಗೆ ಹೊಟ್ಟೆನೋವು" ಎನ್ನುವವಳೂ ಅವಳೇ, ಬಟ್ಟೆ ಅಂಗಡಿಯಲ್ಲಿ "ಇವಳಿಗೆ ಆ ನೀಲಿ ಹಿಡಿಸಲಿಲ್ಲ" ಎನ್ನುವವಳೂ ಅವಳೇ. ಗುಬ್ಬಿಗೆ ಆ ಋಣ ನೆನೆದರೆ ಕಣ್ಣು ತುಂಬುತ್ತಿತ್ತು. ಅದನ್ನೂ ಅವಳು ಬಾಯಿಬಿಟ್ಟು ಹೇಳಿದವಳಲ್ಲ.

ಚಿಕ್ಕಮ್ಮನ ಗಂಟಲು ಕಟ್ಟಿದ್ದು ವೋಟಿನ ದೆಸೆಯಿಂದ. ಒಂದು ಕಾಲಕ್ಕೆ ಬೀದಿಯ ತುದಿಗೆ ಬಸ್ಸು ಬರುತ್ತಿತ್ತು. ಅದು ನಿಂತ ವರ್ಷವೇ ಗುಬ್ಬಿಯ ಓದೂ ನಿಂತಿತು. ದೊಡ್ಡ ಶಾಲೆ ಇದ್ದದ್ದು ಊರಿನ ಆ ಕಡೆ. ಈಗ ಚಿಕ್ಕಮ್ಮನ ಮಗಳು ಅದೇ ಶಾಲೆಗೆ ಸೇರುವ ವಯಸ್ಸಿಗೆ ಬಂದಿದ್ದಳು. ಚಿಕ್ಕಮ್ಮ ಚಪ್ಪಲಿ ಸವೆಸಿ ವಾರ್ಡ್ ಸದಸ್ಯರ ಕಚೇರಿಗೆ ಅಲೆದಿದ್ದಳು. ಅವರು ನಗುನಗುತ್ತಲೇ, "ನಿಮ್ಮ ಬೀದಿಯಿಂದ ವೋಟಿಗೆ ಬರೋರು ಬೆರಳಲ್ಲಿ ಎಣಿಸೋಷ್ಟು ಜನ ಕಣಮ್ಮಾ. ನಿಮ್ಮನ್ನ ನಂಬಿ ಬಸ್ಸು ಬಿಡು ಅಂತ ಯಾರ ಮುಂದೆ ಹೋಗಿ ನಿಲ್ಲಲಿ?" ಎಂದಿದ್ದರು. ಅವತ್ತಿನಿಂದ ಚಿಕ್ಕಮ್ಮ ಮನೆಮನೆಯ ಮುಂದೆ ನಿಂತು ಕೂಗಿದ್ದೇ ಕೂಗಿದ್ದು. ಯಾರಿಗಾದರೂ ಹಾಕಿ, ಆದರೆ ಹಾಕಿ. ಗೆದ್ದವನಿಗೆ ನಮ್ಮ ಬೀದಿಯ ಭಯ ಇರಬೇಕು. ಜನ ತಲೆಯಾಡಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾಳೆ ಮತದಾನ ಎನ್ನುವಾಗ ರೇಡಿಯೊ ಕೆಟ್ಟು ಕೂತಿತು.

ಚಿಕ್ಕಮ್ಮ ಲೋಟ ಕೆಳಗಿಟ್ಟು ಎದ್ದಳು. ತನ್ನ ಬಾಯಿ ತೋರಿಸಿ ಇಲ್ಲವೆಂದು ಕೈಯಾಡಿಸಿದಳು. ಗುಬ್ಬಿಯ ಬಾಯಿ ತೋರಿಸಿ, ಬಾಗಿಲು ತೋರಿಸಿದಳು. ಯಂತ್ರಗಳ ಗದ್ದಲದ ನಡುವೆ ವರ್ಷಗಟ್ಟಲೆ ಕೂತು ಚಿಕ್ಕಮ್ಮನ ತುಟಿ ಓದುವುದು ಅವಳಿಗೆ ರೂಢಿಯಾಗಿತ್ತು. ಅರ್ಥವಾಗಲಿಲ್ಲ ಎಂದು ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ.

ಮೊದಲು ಇಸ್ತ್ರಿ ಅಂಗಡಿ. ಚಿಕ್ಕಮ್ಮ ಕೈ ಬೀಸಿದಳು, ಹುಬ್ಬು ಗಂಟಿಕ್ಕಿದಳು, ತುಟಿಯಲ್ಲೇ ಹರಿಹಾಯ್ದಳು. ವರ್ಷವಿಡೀ ಗೊಣಗೋಕೆ ಬಾಯಿದೆ, ಒಂದು ದಿನ ನಡೆಯೋಕೆ ಕಾಲಿಲ್ವಾ ಅಂತ ಕೇಳು ಅವನನ್ನ!

ಗುಬ್ಬಿ ಮೇಜಿನ ಮೇಲಿನ ಅಂಗಿಗಳನ್ನು ನೋಡುತ್ತ ಹೇಳಿದಳು. "ಅಣ್ಣಾ... ನಾಳೆ ವೋಟಿಗೆ ಬರ್ತೀರಾ ಅಂತ ಕೇಳ್ತಿದಾರೆ."

ಇಸ್ತ್ರಿಯವನು ಚಿಕ್ಕಮ್ಮನ ಕೈಯನ್ನೂ ಗುಬ್ಬಿಯ ಮುಖವನ್ನೂ ನೋಡಿದ. "ಇಷ್ಟೇನಾ ಹೇಳಿದ್ದು? ಆ ಕೈ ನೋಡಿದ್ರೆ ನಮ್ಮಪ್ಪನ ಸುದ್ದಿಗೂ ಹೋದಂಗಿತ್ತು."

ಗುಬ್ಬಿ ಮೇಜಿನ ಪಕ್ಕಕ್ಕೆ ಸರಿದಳು. ಸುಮ್ಮನೆ ನಿಂತಳು. ಚಿಕ್ಕಮ್ಮನಾಗಿದ್ದರೆ ಅವನು ಬಾಯಿ ತೆರೆಯುವ ಮೊದಲೇ ನಾಲ್ಕು ಜವಾಬು ಕೊಟ್ಟಿರುತ್ತಿದ್ದಳು. ಅವನು ಒಂದು ಅಂಗಿಯ ತೋಳು ಮುಗಿಸಿದ, ಇನ್ನೊಂದಕ್ಕೆ ನೀರು ಚಿಮುಕಿಸಿದ. ಯಾರೂ ಏನೂ ಅನ್ನದ್ದು ಕಂಡು ತಾನೇ ಶುರುಮಾಡಿದ.

"ವೋಟಿಗೆ ನಿಲ್ಲೋರೆಲ್ಲಾ ಕಳ್ಳರು ಅಂತ ನಾನು ಹೇಳೋದು ಬಿಡು. ಹಿಂದೊಂದು ಸಲ ಹೋಗಿದ್ದೆ. ಯಾವುದೋ ಸಾಲಲ್ಲಿ ನಿಂತುಬಿಟ್ಟೆ. ಬಾಗಿಲ ತನಕ ಹೋದ ಮೇಲೆ, ಬೋರ್ಡು ಓದೋಕೆ ಬರಲ್ವಾ ಅಂತ ಎಲ್ಲರ ಮುಂದೆ ಬೈದು ವಾಪಸ್ ಕಳಿಸಿದ್ರು. ಇನ್ನೊಂದ್ಸಲ ಆ ಮಾನಗೇಡು ಯಾರಿಗೆ ಬೇಕಮ್ಮ?"

ಕಳೆದೊಂದು ವಾರದಿಂದ ಗುಬ್ಬಿಯನ್ನು ಕಾಡುತ್ತಿದ್ದ ಭಯವೂ ಅದೇ.

"ನಂಗೂ ಹೆದರಿಕೆ ಅಣ್ಣಾ. ನಂದು ಇದೇ ಮೊದಲ್ನೇ ಸಲ. ನೀವು ಜೊತೆಗೆ ಬರ್ತೀರಾ?"

ಅವನು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟ. "ಯಾರು, ನಾನಾ? ನಿಂಗೆ ಧೈರ್ಯಕ್ಕಾ?" ಎಂದು ನಕ್ಕ. ಬರುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಬೇಕರಿ ಅಕ್ಕ ಬ್ರೆಡ್ಡು ಕತ್ತರಿಸುತ್ತಿದ್ದಳು. ವೋಟೆಂದ ಕೂಡಲೇ "ಪುರುಸೊತ್ತೆಲ್ಲಿ" ಎಂದಳು. ಗುಬ್ಬಿ ಮತ್ತೆ ಸುಮ್ಮನೆ ನಿಂತಳು. ಅಕ್ಕ ಹಿಂದಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಮ್ಮನೆಯವರು ಇಂಥವರಿಗೇ ಹಾಕು ಅಂತಾರೆ. ಹಾಕೋಕೆ ಮನಸ್ಸಿಲ್ಲ. ಹಾಕಿದೆ ಅಂತ ಸುಳ್ಳು ಹೇಳೋಕೂ ಬಾಯಿ ಬರಲ್ಲ. ಅದಕ್ಕೆ ಹೋಗೋದೇ ಇಲ್ಲ. ಹೋಗದೆ ಇದ್ರೆ ಯಾರೂ ಏನೂ ಕೇಳಲ್ವಲ್ಲ."

"ನಾಳೆ ನನ್ನ ಜೊತೆಗೆ ಬರ್ತೀರಾ ಅಕ್ಕಾ? ಒಬ್ಬಳೇ ಹೋಗೋಕೆ ಭಯ ಆಗುತ್ತೆ. ಮನೆಯವರು ಕೇಳಿದ್ರೆ, ಆ ಹುಡುಗಿಗೆ ಜೊತೆಗೆ ಹೋಗಿದ್ದೆ ಅನ್ನಿ."

ಅಕ್ಕ ಕತ್ತರಿಸಿದ ಅಂಚಿನ ತುಂಡೊಂದನ್ನು ಗುಬ್ಬಿಯ ಕೈಗಿಟ್ಟಳು.

ಪೇಪರ್ ತಾತನ ಮನೆ ಮಹಡಿಯ ಮೇಲೆ. ಅವರು ಬೆಳಗಿನಿಂದ ಸಂಜೆಯವರೆಗೆ ಪತ್ರಿಕೆ ಓದುತ್ತಿದ್ದರು, ಓದಿದ್ದಕ್ಕೆಲ್ಲ ಬೈಯುತ್ತಿದ್ದರು. ಚಿಕ್ಕಮ್ಮನನ್ನು ಕಂಡು, "ಏನಮ್ಮಾ ರೇಡಿಯೊ, ಬ್ಯಾಟರಿ ಮುಗೀತಾ?" ಎಂದರು. ಚಿಕ್ಕಮ್ಮ ಗೋಡೆಗೆ ಹಣೆ ಒತ್ತಿಕೊಂಡಳು. ಗುಬ್ಬಿ ಕೇಳಿದ್ದಕ್ಕೆ ತಾತ ಪತ್ರಿಕೆ ಮಡಚಿದರು.

"ಇನ್ಮೇಲೆ ವೋಟು ಹಾಕಿದ್ರೆ ನನ್ನ ಹೆಸರು ಬದಲಾಯಿಸಿ ಅಂತ ಇಡೀ ಬೀದಿ ಕೇಳೋ ಹಾಗೆ ಹೇಳಿದೀನಿ ನಾನು. ಈಗ ಹೋದ್ರೆ ಆ ಇಸ್ತ್ರಿಯವನು ನನ್ನನ್ನ ಬಿಡ್ತಾನಾ?" ಅಷ್ಟು ಹೇಳಿ ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಒರೆಸುವಂಥ ಕೊಳೆ ಅದರಲ್ಲೇನೂ ಇರಲಿಲ್ಲ.

"ನಿಮಗೋಸ್ಕರ ಅಲ್ಲ ತಾತಾ," ಎಂದಳು ಗುಬ್ಬಿ. "ನಂಗೆ ಜೊತೆಗೆ."

ಹೀಗೇ ಬೀದಿಯ ಕೊನೆಯ ಮನೆಯವರೆಗೂ ನಡೆಯಿತು. ಚಿಕ್ಕಮ್ಮ ಅರ್ಧ ದಾರಿಗೆ ಕೈ ಬೀಸುವುದನ್ನು ನಿಲ್ಲಿಸಿದ್ದಳು. ಮನೆಗೆ ಬಂದು ಸೋತವಳಂತೆ ಕುರ್ಚಿಯಲ್ಲಿ ಕುಸಿದಳು. ಯಾರೂ ಹೂಂ ಅನ್ನಲಿಲ್ಲವಲ್ಲೇ ಎಂದವು ಅವಳ ತುಟಿಗಳು. ಗೋಡೆಯ ಆಚೆ ಮಗಳು ಪಾಠ ಓದುವುದು ಕೇಳುತ್ತಿತ್ತು. ಚಿಕ್ಕಮ್ಮ ಆ ಕಡೆ ಮುಖ ತಿರುಗಿಸಿ ಕೂತಳು.

ಮರುದಿನ ಅಂಗಡಿಗಳು ಬಾಗಿಲು ತೆರೆಯುವ ಹೊತ್ತಿಗೆ ಗುಬ್ಬಿ ಹೊಸ್ತಿಲು ದಾಟಿದರೆ, ಮೆಟ್ಟಿಲ ಮೇಲೆ ಇಸ್ತ್ರಿಯವನು ಕೂತಿದ್ದ. ತಾನೇ ಇಸ್ತ್ರಿ ಮಾಡಿದ ಅಂಗಿ, ಒಂದು ಸುಕ್ಕಿಲ್ಲ. ಬೇಕರಿ ಅಕ್ಕ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಂದಳು. ಅವಳ ಹಿಂದೆ ಪೇಪರ್ ತಾತ.

"ನೀವ್ಯಾಕೆ ಬಂದ್ರಿ ತಾತಾ? ಹೆಸರು ಏನಂತ ಇಡೋಣ?" ಎಂದ ಇಸ್ತ್ರಿಯವನು.

"ನಾನು ವೋಟಿಗೆ ಬಂದಿಲ್ಲಯ್ಯ. ಈ ಹುಡುಗಿ ಹೆದರ್ಕೋತಾಳೆ, ಜೊತೆಗೆ ಬಂದೆ."

"ಜೊತೆಗೆ ಕರೆದಿದ್ದು ನನ್ನನ್ನ!"

"ಅಯ್ಯೋ, ನನ್ನನ್ನಲ್ವಾ ಕರೆದಿದ್ದು?" ಎಂದಳು ಬೇಕರಿ ಅಕ್ಕ.

ಅಷ್ಟರಲ್ಲಿ ಕೊನೆಯ ಮನೆಯವರೂ ಬಂದರು, ಎದುರು ಮನೆಯವರೂ ಬಂದರು. ಪ್ರತಿಯೊಬ್ಬರೂ ತಮ್ಮೊಬ್ಬರನ್ನೇ ಕರೆದದ್ದೆಂದು ತಿಳಿದಿದ್ದರು. ಗುಬ್ಬಿಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಎನಿಸಿತು. ಬಾಗಿಲಲ್ಲಿ ನಿಂತ ಚಿಕ್ಕಮ್ಮ ಸದ್ದಿಲ್ಲದೆ ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ.

ಮತಗಟ್ಟೆಯ ಅಂಗಳದಲ್ಲಿ ಸಾಲು ಗೇಟಿನ ಹೊರಗೂ ಬೆಳೆಯಿತು. ಬಾಗಿಲಲ್ಲಿದ್ದ ಅಧಿಕಾರಿ ಇಣುಕಿ ನೋಡಿ, "ಯಾವ ಬೀದಿಯವರಪ್ಪ ಇಷ್ಟೊಂದು ಜನ?" ಎಂದ. ಹತ್ತಾರು ಬಾಯಿ ಒಟ್ಟಿಗೆ ಉತ್ತರ ಹೇಳಿದವು. ಬಸ್ಸು ಬರುತ್ತದೋ ಇಲ್ಲವೋ ಗುಬ್ಬಿಗೆ ಗೊತ್ತಿರಲಿಲ್ಲ. ಗೆಲ್ಲುವವರು ಯಾರೋ, ಅವರ ಮನಸ್ಸು ಎಂಥದ್ದೋ. ಆದರೆ ಈ ಸಾಲನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಚಿಕ್ಕಮ್ಮನಿಂದ ಬೈಸಿಕೊಂಡೂ ಕದಲದ ಜನ ತನ್ನಂಥವಳೊಬ್ಬಳ ಹೆದರಿಕೆಗೆ ಎದ್ದು ಬಂದಿದ್ದರು. ಒಬ್ಬೊಬ್ಬರ ಬೆನ್ನನ್ನೂ ನೋಡುತ್ತ ಅವಳು ಮನಸ್ಸಿನಲ್ಲೇ ಕೈಮುಗಿದಳು.

ಇಸ್ತ್ರಿಯವನು ಬೋರ್ಡನ್ನು ಎರಡೆರಡು ಸಲ ಜೋರಾಗಿ ಓದಿ, ಇದೇ ನಮ್ಮ ಸಾಲು ಎಂದು ಎಲ್ಲರಿಗೂ ಸಾರುತ್ತಿದ್ದ. ತಾತ ಪತ್ರಿಕೆಯ ಸುದ್ದಿಯೊಂದಕ್ಕೆ ಬೈಯುತ್ತಿದ್ದರು. ಬೇಕರಿ ಅಕ್ಕ ಯಾವುದಕ್ಕೋ ಮನಸಾರೆ ನಗುತ್ತಿದ್ದಳು. ಅವರ ಮುಂದೆ ಸಾಲು ಖಾಲಿಯಾಗಿ ಬಾಗಿಲವರೆಗೆ ಜಾಗ ಬಿದ್ದಿತ್ತು. ಮಾತಿನ ಭರದಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ.

ಚಿಕ್ಕಮ್ಮ ಹಿಂದಿನಿಂದ ಗುಬ್ಬಿಯ ಬೆನ್ನಿಗೆ ಮೆಲ್ಲಗೆ ತಿವಿದಳು. ಗುಬ್ಬಿ ಜೀವನದಲ್ಲೇ ಮೊದಲ ಸಲ ದನಿ ಎತ್ತಿದಳು.

"ಸ್ವಲ್ಪ ಮುಂದೆ ಹೋಗ್ತೀರಾ?"