ಎಸರಿನ ಬಿಸಿ ತಿಳಿಯದ ಕೈ

"ಯಕ್ಕಾ, ರೊಟ್ಟಿ ಹೊತ್ತಾಕತ್ತೇತಿ ನೋಡ," ಅಂದೆ.

"ರೊಟ್ಟಿ ಹೊತ್ತಿಲ್ಲ. ನಿನ್ನ ಮೂಗ ಹೊತ್ತೇತಿ," ಅಂದಳು ರತ್ನವ್ವ.

ಅವಳು ನನ್ನ ಓರಗಿತ್ತಿ. ಗೋಪನಕೊಪ್ಪದ ಮನೆಯಲ್ಲಿ ಇಬ್ಬರೂ ಕೂಡಿ ಖಾನಾವಳಿಗಳಿಗೆ ರೊಟ್ಟಿ ಮಾಡಿಕೊಡಲು ತೊಡಗಿ ಇಪ್ಪತ್ತೆರಡು ವರ್ಷ. ಹಂಚಿನ ಮುಂದೆ ಅವಳು, ಕಟ್ಟಿ ಕಳಿಸಲು ನಾನು.

ನೋಡಿದರೆ ರೊಟ್ಟಿ ಬೆಳ್ಳಗೇ ಇತ್ತು. ಅವಳ ಎಡಗೈಯ ಎರಡು ಬೆರಳು ಕಾದ ಹಂಚಿನ ಮೇಲಿದ್ದವು. ಕೈ ಹಿಡಿದು ಎಳೆದೆ. ಬೇರೆ ಯಾರದೋ ಬೆರಳು ಎಂಬಂತೆ ಅವಳು ನೋಡುತ್ತ ಕೂತಳು.

ಎರಡು ತಿಂಗಳಿಂದ ರೊಟ್ಟಿಯ ಅಂಚು ಏಕೆ ಸೀಳುತ್ತಿತ್ತೆಂದು ಆಗ ತಿಳಿಯಿತು. ಹಿಟ್ಟಿಗೆ ಹಾಕುವ ಎಸರಿನ ನೀರು ಸಾಕಷ್ಟು ಕಾಯದಿದ್ದರೆ ಅಂಚು ಬಿರಿಯುತ್ತದೆ; ಅದು ಕಾದಿದೆಯೋ ಇಲ್ಲವೋ ಎಂದು ರತ್ನವ್ವ ಬೆರಳ ತುದಿ ತಾಗಿಸಿಯೇ ನೋಡುವವಳು. ನಾವು ಜೋಳವನ್ನು ಬೈದಿದ್ದೆವು. ಗಿರಣಿಯನ್ನೂ ಬದಲಿಸಿದ್ದೆವು.

ದವಾಖಾನೆಯಲ್ಲಿ ಡಾಕ್ಟರ್ ಪ್ರಾಚಿ ಅವಳ ಬೆರಳಿಗೆ ಪಟ್ಟಿ ಕಟ್ಟಿದರು. "ಕೂಸಿದ್ದಾಗ ನರ ಸಿಕ್ಕಸಿಕ್ಕಲ್ಲೆ ಕೂಡ್ಕೋತಾವ್ರಿ. ದಿನಾ ಕೆಲಸಕ್ಕ ಬರೋವು ಗಟ್ಟಿ ಆಗ್ತಾವ, ಉಳದದ್ದು ಬಿಟ್ಟಹೋಗ್ತಾವ. ನಿಮ್ಮ ಸಕ್ಕರಿ ರೋಗ ಆ ಗಟ್ಟಿ ಆದದ್ದನ್ನs ತುದಿಂದ ಹಾಳ ಮಾಡ್ಕೋತ ಬರಾಕತ್ತೇತಿ."

"ತಿರುಗಿ ಕೂಡಂಗಿಲ್ಲೇನ್ರಿ?" ಅಂದೆ.

"ಸಕ್ಕರಿ ಹಿಡಿತದಾಗ ಇಟ್ರ ಮುಂದ ಹಾಳಾಗೋದು ನಿಧಾನ ಆಗ್ತೈತಿ. ಹೋದದ್ದು ಬರ್ತೈತಿ ಅಂತ ಹೇಳಾಕ ಆಗಂಗಿಲ್ರಿ. ಬೆಂಕಿ ಮುಂದ ಕುಂಡ್ರಬ್ಯಾಡ್ರಿ."

ಮನೆಗೆ ಬಂದು, ನಾಳೆ ಸೌಮ್ಯಾ ಕೂರಲಿ ಅಂದೆ. ಎಂಟು ತಿಂಗಳ ಹಿಂದೆ ಕೆಲಸಕ್ಕೆ ಬಂದಾಗ ಆ ಹುಡುಗಿಗೆ ತಟ್ಟಿದ ರೊಟ್ಟಿಯನ್ನು ಹರಿಯದೆ ಎತ್ತಲೂ ಬರುತ್ತಿರಲಿಲ್ಲ. ಈಗ ಮಾತಾಡುತ್ತಲೇ ಕೈ ಓಡುತ್ತದೆ.

"ಅಕಿ ರೊಟ್ಟಿ ಖಾನಾವಳಿಯವ್ರು ಮಾರಿಗೆ ಒಗೀತಾರ," ಅಂದಳು ರತ್ನವ್ವ.

"ಒಬ್ಬರು ಏನರ ಅಂದ್ರೂ ಸಾಕು, ನೀನs ಕುಂಡ್ರಾಕಂತಿ," ಅಂದೆ. ಬರಿದೇ ಬೇಡ ಅಂದರೆ ಕೇಳುವವಳಲ್ಲ ಅವಳು.

ಮರುದಿನ ಮಧ್ಯಾಹ್ನದ ತನಕ ರತ್ನವ್ವ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ದೂರಿನ ಒಂದು ಕರೆಯೂ ಬರಲಿಲ್ಲ. ರೊಟ್ಟಿ ಮುಟ್ಟಿಸುವ ಆಟೋದ ಶಾಕೀರ ಖಾಲಿ ಬುಟ್ಟಿಗಳನ್ನು ತಂದಿಟ್ಟ.

"ಯಾರರ ಏನರ ಅಂದ್ರೇನಪಾ?" ರತ್ನವ್ವ ಕೇಳಿದಳು.

"ಏನಿಲ್ರಿ ಕಾಕೂ. ನಾಳಿಗೆ ಐವತ್ತು ರೊಟ್ಟಿ ಹೆಚ್ಚಿಗಿ ಕೇಳ್ಯಾರ."

ರತ್ನವ್ವನ ಕೈರೊಟ್ಟಿಯನ್ನು ಖಾನಾವಳಿಯವರು ನೆನೆದರು ಅಂತ ಒಂದು ಮಾತು ಹೇಳೆಂದು ಅವನಿಗೆ ಮೊದಲೇ ಹೇಳಿಕೊಡಬಹುದಿತ್ತು. ನನಗೆ ಹೊಳೆಯಲಿಲ್ಲ.

ರತ್ನವ್ವ ಫೋನನ್ನು ಬದಿಗಿಟ್ಟಳು. "ಐವತ್ತಂದ್ರ ಹಿಟ್ಟು ಇನ್ನೂ ಸಾಣಸಬೇಕಲಾ," ಎಂದು ಜರಡಿ ತೆಗೆದುಕೊಂಡಳು. ಆಡಿಸುವ ಮೊದಲು ತಲೆ ಬಗ್ಗಿಸಿ, ಬೆರಳುಗಳು ಅದನ್ನು ಹಿಡಿದಿವೆಯೋ ಇಲ್ಲವೋ ಎಂದು ಕಣ್ಣಿಂದ ನೋಡಿಕೊಂಡಳು.